ಕುಡಿಯುವ ನೀರಿಗೆ ರಾತ್ರಿ ಗೇಟು ಎತ್ತಿದೆವು. ತಪ್ಪಾ, ಸರಿಯಾ?

ಕೊನೆಭಾಗದವ (ಸಿರವಾರ ಕಡೆ)

ಬಹಳ ದಿನದಿಂದ ತಲೆ ತಿನ್ನುತ್ತಿರುವ ವಿಷಯ. ಊರಿನ ಹೆಸರು ಹೇಳುವುದಿಲ್ಲ, ಕೇಳಬೇಡಿ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ಕಾಗದದಲ್ಲಿ ನೀರಾವರಿ ಜಮೀನು, ಹೊಲದಲ್ಲಿ ಮಳೆ ನಂಬಿದ ಜೋಳ. ಈ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಬೋರು ಕೊರೆಸಿದರೆ ಉಪ್ಪು ನೀರು. ಐದು ರೂಪಾಯಿಗೆ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಕೆಟ್ಟು ವರ್ಷವಾಗಿತ್ತು. ಕುಡಿಯಲು ಇದ್ದದ್ದು ಒಂದೇ ಕೆರೆ, ಅದಕ್ಕೂ ಕಾಲುವೆ ನೀರೇ ಬರಬೇಕು.

ಎರಡು ಬೇಸಿಗೆ ಹಿಂದೆ, ಯುಗಾದಿ ಹೊತ್ತು. ಆ ಸಲ ಎರಡನೇ ಬೆಳೆಗೆ ನೀರಿಲ್ಲ ಎಂದು ಮೊದಲೇ ಹೇಳಿದ್ದರು. ಕುಡಿಯುವುದಕ್ಕೆ ಅಂತ ಕಾಲುವೆಗೆ ಸ್ವಲ್ಪ ದಿನ ಬಿಟ್ಟರು. ಮೇಲಿನ ಕಡೆ ಪೈಪು, ಪಂಪು ಇಳಿಸಿದವರು ಎಷ್ಟು ಮಂದಿಯೋ, ನಮ್ಮ ತನಕ ಬರುವಷ್ಟರಲ್ಲಿ ಕಾಲುವೆಯಲ್ಲಿ ಮೊಣಕಾಲುದ್ದ ನೀರು. ನಮ್ಮ ಉಪಕಾಲುವೆಯ ಗೇಟು ಎರಡೇ ಇಂಚು ಎತ್ತಿದ್ದರು. ಕೆರೆಯ ತಳದಲ್ಲಿ ಪಾಚಿ. ಕೊಡ ಮುಳುಗುತ್ತಿರಲಿಲ್ಲ, ಚೊಂಬಿನಿಂದ ತುಂಬಿಸಿ ಸೀರೆ ಸೆರಗಿನಲ್ಲಿ ಸೋಸಬೇಕಿತ್ತು. ಮಕ್ಕಳಿಗೆ ವಾಂತಿ ಭೇದಿ ಶುರುವಾಗಿತ್ತು. ಮೂರು ಸಲ ಅರ್ಜಿ ಕೊಟ್ಟೆವು. ನೋಡೋಣ ಅಂದರು.

ಕೊನೆಗೆ ಎಂಟು ಜನ ಸೇರಿ ಎರಡು ರಾತ್ರಿ ಗೇಟನ್ನು ಹದಿನಾಲ್ಕು ಇಂಚು ಎತ್ತಿದೆವು. ಕೆರೆ ಅರ್ಧ ತುಂಬಿತು. ಸುಮಾರು ನಾನೂರು ಮನೆ ಐದು ವಾರ ಕುಡಿದವು. ಮೂರನೇ ದಿನ ಬೆಳಗ್ಗೆ ಜೀಪು ಬಂತು. ಯಾರು ಎತ್ತಿದ್ದು ಎಂದು ಕೇಳಿದರು. ಊರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಆ ಗೇಟು ಕಾಯುತ್ತಿದ್ದ ಗ್ಯಾಂಗ್‌ಮನ್ ಗುತ್ತಿಗೆ ಮೇಲಿದ್ದವನು, ಅವನನ್ನು ಕೆಲಸದಿಂದ ತೆಗೆದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಗುಳೆ ಹೋದ.

ನಾನೂರು ಮನೆ ಒಂದು ಕಡೆ, ಒಂದು ಮನೆ ಇನ್ನೊಂದು ಕಡೆ. ಲೆಕ್ಕ ಹಾಕಿದರೆ ನಾವು ಮಾಡಿದ್ದು ಸರಿ. ಆದರೂ ಯುಗಾದಿ ಬಂದಾಗೆಲ್ಲ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ನೀವು ಏನು ಹೇಳುತ್ತೀರಿ?

ದೇವದುರ್ಗದ ಸಿದ್ದು

ಅಣ್ಣಾ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಕುಡಿಯುವ ನೀರು ಕದ್ದರೆ ಕಳ್ಳತನ ಅಲ್ಲ. ಮೇಲಿನವರು ಹಗಲು ಹೊತ್ತಲ್ಲೇ ಕದಿಯುತ್ತಾರೆ, ಅವರಿಗೆ ನಿದ್ದೆ ಬರುತ್ತದೆ, ನಿಮಗೆ ಯಾಕೆ ಬರಬಾರದು?

ಭತ್ತದ ಗದ್ದೆ (ಕಾರಟಗಿ)

ಮೇಲಿನವರು ಅಂದರೆ ನಾವೇ ಅಲ್ವಾ. ಹಾಗಾಗಿ ನಾನೂ ಎರಡು ಮಾತು ಹೇಳುತ್ತೇನೆ, ಬೈಯುವವರು ಆಮೇಲೆ ಬೈಯಿರಿ.

ಈ ಕಾಲುವೆಯನ್ನು ಮಾಡಿದ್ದೇ ಹೆಚ್ಚಾಗಿ ಲಘು ಬೆಳೆಗೆ. ಜೋಳ, ಹತ್ತಿ, ಶೇಂಗಾ. ನಾವು ಎಲ್ಲ ಕಡೆ ಭತ್ತ ಹಚ್ಚಿದೆವು, ನಿಜ. ನನ್ನದು ಏಳು ಎಕರೆ, ಅದರಲ್ಲಿ ಐದು ಗುತ್ತಿಗೆಗೆ ಹಿಡಿದದ್ದು. ಗುತ್ತಿಗೆ ಕೊಟ್ಟವರು ಚೀಲದ ಲೆಕ್ಕದಲ್ಲಿ ಭತ್ತವನ್ನೇ ಕೇಳುತ್ತಾರೆ. ಜೋಳ ಬಿತ್ತಿ ಭತ್ತ ಎಲ್ಲಿಂದ ಕೊಡಲಿ? ಸಸಿ ಹಚ್ಚಿ ತಿಂಗಳಾದ ಮೇಲೆ ನೀರು ನಿಲ್ಲಿಸಿದರೆ ಅಂಗಡಿಯ ಗೊಬ್ಬರದ ಸಾಲ ನನ್ನ ತಲೆ ಮೇಲೆ. ಆಗ ನಾನೂ ರಾತ್ರಿ ಪೈಪು ಹಾಕಿದ್ದೇನೆ. ಹಾಕುವಾಗ ನನಗೂ ಒಂದು ಒಳ್ಳೆ ಕಾರಣ ಇತ್ತು. ಮಗಳ ಫೀಸು, ಮನೆ, ನಾಟಿಗೆ ಬರುವ ಹೆಣ್ಣುಮಕ್ಕಳ ಕೂಲಿ. ನಾನು ಕೆಟ್ಟವನು ಅಂತ ನನಗೆ ಒಂದು ದಿನವೂ ಅನಿಸಿಲ್ಲ.

ಹೇಳುವುದು ಇಷ್ಟೇ. ಕೊನೆಭಾಗದವರೇ, ನಿಮ್ಮ ಕಾರಣ ನನ್ನ ಕಾರಣಕ್ಕಿಂತ ದೊಡ್ಡದು, ಒಪ್ಪಿದೆ. ಕುಡಿಯುವ ನೀರು ಮೊದಲು, ಭತ್ತ ಆಮೇಲೆ. ಆದರೆ ಕತ್ತಲಲ್ಲಿ ಕಾಲುವೆ ಮೇಲೆ ನಿಂತವನಿಗೆ ತನ್ನ ಕಾರಣ ಚಿಕ್ಕದಾಗಿ ಕಂಡಿದ್ದನ್ನು ನಾನು ನೋಡಿಲ್ಲ.

ಕೊಡದ ಸುಬ್ಬಕ್ಕ

ಎಲ್ಲರೂ ಗಂಡಸರೇ ಮಾತಾಡುತ್ತಿದ್ದೀರಿ, ನೀರು ಹೊರುವವರು ನಾವು. ನಮ್ಮೂರೂ ಮಾನ್ವಿ ತಾಲ್ಲೂಕಿನ ಕೊನೆಭಾಗವೇ. ಬೇಸಿಗೆಯಲ್ಲಿ ನಸುಕಿನ ನಾಲ್ಕಕ್ಕೆ ಎದ್ದು ಟಂಟಂ ಹಿಂದೆ ಕೊಡ ಜೋಡಿಸಿಕೊಂಡು ಪಕ್ಕದೂರಿಗೆ ಹೋಗುತ್ತೇವೆ. ಅಲ್ಲಿಯವರು ಬೈಯುತ್ತಾರೆ. ಬೈಸಿಕೊಂಡೇ ತುಂಬಿಕೊಳ್ಳುತ್ತೇವೆ. ಕೂಲಿಗೆ ತಡವಾದರೆ ಅರ್ಧ ಕೂಲಿ. ನನ್ನ ಎರಡನೇ ಮಗಳು ಏಳನೇ ತರಗತಿಗೆ ಶಾಲೆ ಬಿಟ್ಟದ್ದಕ್ಕೆ ಬೇರೆ ಕಾರಣ ಏನೂ ಇಲ್ಲ, ಕೊಡ ಅಷ್ಟೇ.

ನೀತಿ ಗೀತಿ ಎಲ್ಲ ಕೆರೆ ತುಂಬಿದ ಮೇಲೆ ಮಾತಾಡೋಣ. ಆ ಎಂಟು ಜನ ನನ್ನ ಅಣ್ಣತಮ್ಮಂದಿರಾಗಿದ್ದರೆ ಆರತಿ ಎತ್ತುತ್ತಿದ್ದೆ. ಆದರೆ ಒಂದು ಕೇಳಲಾ? ಆ ಗ್ಯಾಂಗ್‌ಮನ್ ಹೆಂಡತಿ ಈಗ ಎಲ್ಲಿ ನೀರು ತುಂಬುತ್ತಾಳೆ ಅಂತ ಯಾರಾದರೂ ವಿಚಾರಿಸಿದಿರಾ?

ಕಾಲೇಜು ಕಟ್ಟೆ (ಬಳ್ಳಾರಿ)

ನಾನು ತತ್ವಶಾಸ್ತ್ರ ಎಂ.ಎ. ಇದಕ್ಕೆ ಹಳೆಯ ಒಗಟು ಇದೆ. 1967ರಲ್ಲಿ ಫಿಲಿಪ್ಪಾ ಫುಟ್ ಅಂತ ಇಂಗ್ಲೆಂಡಿನ ತತ್ವಜ್ಞಾನಿ ಬರೆದದ್ದು. ಬ್ರೇಕ್ ಇಲ್ಲದ ಟ್ರಾಮ್ ಬರುತ್ತಿದೆ, ಹಳಿ ಮೇಲೆ ಐದು ಜನ. ಪಕ್ಕದ ಹಳಿಗೆ ತಿರುಗಿಸಿದರೆ ಅಲ್ಲಿ ಒಬ್ಬ. ತಿರುಗಿಸಬೇಕಾ? ಹೆಚ್ಚಿನವರು ಹೌದು ಅನ್ನುತ್ತಾರೆ. ಆಮೇಲೆ ಅದನ್ನೇ ಸ್ವಲ್ಪ ಬದಲಾಯಿಸಿ, ಒಬ್ಬ ದಪ್ಪ ಮನುಷ್ಯನನ್ನು ಸೇತುವೆ ಮೇಲಿಂದ ತಳ್ಳಿದರೆ ಟ್ರಾಮ್ ನಿಂತು ಐದು ಜನ ಉಳಿಯುತ್ತಾರೆ, ತಳ್ಳುತ್ತೀರಾ ಅಂತ ಕೇಳಿದರೆ ಬೇಡಪ್ಪ ಅನ್ನುತ್ತಾರೆ. ಲೆಕ್ಕ ಎರಡರಲ್ಲೂ ಒಂದೇ, ಐದಕ್ಕೆ ಒಂದು. ವ್ಯತ್ಯಾಸ ಏನು ಅಂದರೆ ಮೊದಲನೆಯದರಲ್ಲಿ ಆ ಒಬ್ಬ ಅಲ್ಲಿದ್ದದ್ದು ದುರದೃಷ್ಟ, ಅವನಿಲ್ಲದಿದ್ದರೂ ಐದು ಜನ ಉಳಿಯುತ್ತಿದ್ದರು. ಎರಡನೆಯದರಲ್ಲಿ ಅವನನ್ನು ನೀವು ಸಾಮಾನಿನ ಥರ ಬಳಸುತ್ತೀರಿ.

ನಿಮ್ಮ ಗ್ಯಾಂಗ್‌ಮನ್ ಪಕ್ಕದ ಹಳಿಯವನಾ, ಸೇತುವೆಯವನಾ? ಅದರ ಮೇಲೆ ಉತ್ತರ ನಿಂತಿದೆ.

ದೇವದುರ್ಗದ ಸಿದ್ದು

ನಮ್ಮ ರಾಯಚೂರಿಗೆ ಸರಿಯಾಗಿ ಬಸ್ಸೇ ಬರಲ್ಲ, ಇವರು ಟ್ರಾಮ್ ತಂದರು 😄

ಕರಿಕೋಟು (ರಾಯಚೂರು)

ನಾನು ವಕೀಲೆ. ಕಾಲೇಜು ಕಟ್ಟೆಯವರಿಗೆ ಒಂದು ಸಣ್ಣ ತಿದ್ದುಪಡಿ. ಆ ಒಗಟು 1967ರಲ್ಲಿ ಹುಟ್ಟಲಿಲ್ಲ. 1860ರ ನಮ್ಮ ದಂಡ ಸಂಹಿತೆಯ 81ನೇ ಕಲಮಿನಲ್ಲೇ ಇತ್ತು. ಹಡಗಿನ ಕ್ಯಾಪ್ಟನ್‌ನ ತಪ್ಪಿಲ್ಲದೆ ಹಡಗು ಹಠಾತ್ತನೆ ಇಪ್ಪತ್ತು ಮೂವತ್ತು ಜನರಿರುವ ದೋಣಿಯ ಮೇಲೆ ಹೋಗುವ ಹಾಗಾಗುತ್ತದೆ. ತಿರುಗಿಸಿದರೆ ಇಬ್ಬರೇ ಇರುವ ಇನ್ನೊಂದು ದೋಣಿಗೆ ತಾಗುವ ಭಯ. ದೊಡ್ಡ ದೋಣಿಯನ್ನು ಉಳಿಸಲು ತಿರುಗಿಸಿದರೆ ಅಪರಾಧವಲ್ಲ ಎನ್ನುತ್ತದೆ ಕಾನೂನು. ಎರಡನೇ ಉದಾಹರಣೆ ಬೆಂಕಿ. ಊರು ಸುಡುವಾಗ ಬೆಂಕಿ ಹರಡದಿರಲಿ ಅಂತ ನಡುವಿನ ಮನೆ ಕೆಡವಿದರೂ ಅಪರಾಧವಲ್ಲ. ಈಗ ಅದೇ ಕಲಮು ಭಾರತೀಯ ನ್ಯಾಯ ಸಂಹಿತೆಯಲ್ಲಿ 19ನೆಯದು, 2024ರ ಜುಲೈ 1ರಿಂದ ಜಾರಿ.

ಹಾಗಂತ ಖುಷಿಪಡಬೇಡಿ. ಅಪರಾಧ ಮಾಡುವ ಮನಸ್ಸಿರಬಾರದು, ಒಳ್ಳೆ ನಂಬಿಕೆಯಿಂದ ಮಾಡಿರಬೇಕು, ಬರುವ ಹಾನಿ ತೀರಾ ಹತ್ತಿರ ಬಂದಿರಬೇಕು. ನೀವು ಮೊದಲ ರಾತ್ರಿ ಎತ್ತಿದ್ದಕ್ಕೆ ಮಕ್ಕಳ ವಾಂತಿ ಭೇದಿ ತೋರಿಸಿ ವಾದ ಮಾಡಬಹುದು. ಎರಡನೇ ರಾತ್ರಿಯ ಹೊತ್ತಿಗೆ ಅದೇ ವಾದ ಸ್ವಲ್ಪ ತೆಳುವಾಗುತ್ತದೆ. ಇನ್ನೊಬ್ಬನ ಮೇಲೆ ತಪ್ಪು ಬಿದ್ದಾಗ ಎಂಟು ಜನ ಸುಮ್ಮನಿದ್ದದ್ದನ್ನು ಸರಿ ಅನ್ನುವ ಯಾವ ಕಲಮೂ ಇಲ್ಲ.

1884ರ ಒಂದು ಕೇಸು ಎಲ್ಲ ಕಾನೂನು ವಿದ್ಯಾರ್ಥಿಗಳೂ ಓದುತ್ತಾರೆ. ಮಿನ್ಯೋನೆಟ್ ಅನ್ನುವ ಹಾಯಿದೋಣಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೋಗುವಾಗ ಮುಳುಗಿತು. ಸಣ್ಣ ದೋಣಿಯಲ್ಲಿ ನಾಲ್ವರು ಉಳಿದರು. ಕೊನೆಕೊನೆಗೆ ಏಳು ದಿನ ಅನ್ನವಿಲ್ಲ, ಐದು ದಿನ ನೀರಿಲ್ಲ. ಡಡ್ಲಿ, ಸ್ಟೀಫನ್ಸ್ ಅನ್ನುವ ಇಬ್ಬರು ಸೇರಿ ಹದಿನೇಳು ವರ್ಷದ ಕೆಲಸದ ಹುಡುಗ ರಿಚರ್ಡ್ ಪಾರ್ಕರ್‌ನನ್ನು ಕೊಂದರು. ಅವನನ್ನು ತಿಂದು ಮೂವರು ಬದುಕಿದರು. ನಾಲ್ಕು ದಿನಕ್ಕೆ ಇನ್ನೊಂದು ಹಡಗು ಬಂತು. ಹುಡುಗ ಹೇಗೂ ಕಾಯಿಲೆ ಬಿದ್ದಿದ್ದ, ಅವನಿಗೆ ಹೆಂಡತಿ ಮಕ್ಕಳಿಲ್ಲ, ನಮಗಿದ್ದಾರೆ ಅನ್ನುವುದು ಅವರ ಲೆಕ್ಕ. ನ್ಯಾಯಾಲಯ ಒಪ್ಪಲಿಲ್ಲ. ಯಾರ ಜೀವ ಎಷ್ಟು ತೂಕ ಅಂತ ಅಳೆಯುವವರು ಯಾರು ಎಂದು ಕೇಳಿತು. ಮರಣದಂಡನೆ ಕೊಟ್ಟರು, ಆಮೇಲೆ ಆರು ತಿಂಗಳ ಜೈಲಿಗೆ ಇಳಿಸಿದರು. ತಪ್ಪು ಅಂತ ಹೇಳಿದ್ದೂ ಹೌದು, ಕರುಣೆ ತೋರಿಸಿದ್ದೂ ಹೌದು.

ನನ್ನನ್ನು ಚುಚ್ಚುವುದು ಆ ಆಯ್ಕೆ. ನಾಲ್ವರಲ್ಲಿ ಯಾರನ್ನು ಆರಿಸಿದರು? ಎಲ್ಲರಿಗಿಂತ ಚಿಕ್ಕವನನ್ನು, ಕೇಳುವವರು ಯಾರೂ ಇಲ್ಲದವನನ್ನು. ಚೀಟಿ ಕೂಡ ಎತ್ತಲಿಲ್ಲ.

ಸಂಡೂರಿನ ಕೆಂಧೂಳು

ಇಷ್ಟು ದಿನ ಓದಿ ಸುಮ್ನೆ ಹೋಗುತ್ತಿದ್ದೆ, ಇವತ್ತು ಬರೆಯುತ್ತೇನೆ. ನಮ್ಮಪ್ಪ ಟಿಪ್ಪರ್ ಡ್ರೈವರ್. ಅದಿರಿನ ಕಾಲ ನೋಡಿದವನು ನಾನು. ಹತ್ತು ಟನ್ ಹಾಕುವ ಗಾಡಿಗೆ ಹದಿನೈದು ಇಪ್ಪತ್ತು ಹಾಕುತ್ತಿದ್ದರು, ಒಂದೇ ಪರ್ಮಿಟ್ ಮೇಲೆ ಎಷ್ಟು ಸಲ ಓಡಿಸಿದರೂ ಕೇಳುವವರಿರಲಿಲ್ಲ. ಅದು ತಪ್ಪು ಅಂತ ಡ್ರೈವರ್‌ನಿಂದ ಹಿಡಿದು ಚಹಾ ಅಂಗಡಿಯವನ ತನಕ ಎಲ್ಲರಿಗೂ ಗೊತ್ತಿತ್ತು. ಆದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಊರು ಉದ್ಧಾರ ಆಗುತ್ತಿದೆ. ಗುಡಿ ಕಟ್ಟಿದರು, ಸಾಮೂಹಿಕ ಮದುವೆ ಮಾಡಿದರು. ನಮ್ಮನೆಗೂ ಸಿಮೆಂಟಿನ ಮೇಲ್ಛಾವಣಿ ಬಂತು, ಸುಳ್ಳು ಹೇಳಲ್ಲ.

2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳು ಬಳ್ಳಾರಿ ಗಣಿಗಳನ್ನು ಸುಪ್ರೀಂ ಕೋರ್ಟು ನಿಲ್ಲಿಸಿತು. ಆಗ ಗೊತ್ತಾಯಿತು ಊರು ಎಷ್ಟು ಉದ್ಧಾರ ಆಗಿದೆ ಅಂತ. ಸಾಲ ಮಾಡಿ ಟಿಪ್ಪರ್ ತಂದವರು ಬೀದಿಗೆ ಬಂದರು, ಮೇಲಿದ್ದವರು ಮೇಲೆಯೇ ಇದ್ದರು. ಅಪ್ಪನಿಗೆ ಇವತ್ತಿಗೂ ಕೆಮ್ಮಿದರೆ ಕೆಂಪು ಕಫ ಬರುತ್ತದೆ, ಡಾಕ್ಟರು ಬೇರೆ ಏನೋ ಹೆಸರು ಹೇಳುತ್ತಾರೆ.

ನಿಮ್ಮ ಗೇಟನ್ನೂ ಗಣಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ ಅಣ್ಣಾ. ಆದರೆ ಊರಿಗೋಸ್ಕರ ಅನ್ನುವ ಮಾತು ಕೇಳಿದರೆ ನನ್ನ ಕೈ ತಾನಾಗಿಯೇ ಮೂಗಿಗೆ ಕರವಸ್ತ್ರ ಹಿಡಿಯುತ್ತದೆ.

ನಿವೃತ್ತ ಮೇಷ್ಟ್ರು (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ಮೊಬೈಲಿನಲ್ಲಿ ಬೆರಳಿಂದ ಒತ್ತಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಮನ್ನಿಸಿ.

ತಪ್ಪು ಕೆಲಸ ಯಾವತ್ತೂ ತಪ್ಪೇ ಅನ್ನುವವರಿಗೆ ನಮ್ಮ ಜಿಲ್ಲೆಯದೇ ಒಂದು ಮಾತು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು, ಬಳ್ಳಾರಿಯವರು ಬಾವುಟ ಹಾರಿಸಿದರು. ಕೊಪ್ಪಳ, ರಾಯಚೂರು ನಿಜಾಮನ ಕೈಯಲ್ಲೇ ಉಳಿದವು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ಶಿಬಿರ ಇತ್ತು. ಗಡಿ ಶಿಬಿರಗಳ ಹುಡುಗರು ರಾತ್ರಿ ಬಂದು ನಿಜಾಮನ ಸುಂಕದ ಕಟ್ಟೆಗಳ ಮೇಲೆ ಬೀಳುತ್ತಿದ್ದರು. ಕರೋಡಗಿರಿ ನಾಕಾ ಅನ್ನುತ್ತಿದ್ದರು ಅದಕ್ಕೆ. ಅಲ್ಲಿನ ಕಾನೂನಿನ ಪ್ರಕಾರ ಅದು ದರೋಡೆ. 1948ರ ಸೆಪ್ಟೆಂಬರ್ 17ರಂದು ವಿಮೋಚನೆ ಆಯಿತು. ಮೊದಲು ವಾರಂಟು, ಆಮೇಲೆ ಪಿಂಚಣಿ. ಅವರದು ತಪ್ಪು ಅಂತ ನಾನು ಹೇಳಲಾರೆ.

ಇನ್ನು ಮಹಾಭಾರತ. ಕೌಶಿಕನ ಕಥೆ ಬಹಳ ಜನಕ್ಕೆ ಗೊತ್ತಿಲ್ಲ, ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಕೌಶಿಕ ಸತ್ಯವನ್ನೇ ಹೇಳುವ ವ್ರತದವನು. ಕಳ್ಳರಿಗೆ ಹೆದರಿ ಓಡಿ ಬಂದ ಕೆಲವರು ಅವನ ಎದುರೇ ಕಾಡೊಳಗೆ ಅಡಗಿದರು. ಕಳ್ಳರು ಬಂದು ಕೇಳಿದರು, ಇವನು ಇದ್ದದ್ದನ್ನು ಹೇಳಿದ. ಅವರನ್ನು ಹುಡುಕಿ ಕೊಂದರು. ಕೌಶಿಕ ನರಕಕ್ಕೆ ಹೋದ. ಇಷ್ಟೇ ಇದ್ದಿದ್ದರೆ ಒಳ್ಳೆಯದಕ್ಕೆ ಸುಳ್ಳು ಹೇಳಬಹುದು ಅಂತ ಪುಸ್ತಕ ಮುಚ್ಚಬಹುದಿತ್ತು. ಅದೇ ಮಹಾಭಾರತದಲ್ಲಿ ಧರ್ಮರಾಯ, ಕೃಷ್ಣ ಹೇಳಿದ ಅಂತ, ಅಶ್ವತ್ಥಾಮ ಸತ್ತ ಎಂದು ಜೋರಾಗಿ ಹೇಳಿ ಆನೆ ಅನ್ನುವುದನ್ನು ಮೆಲ್ಲಗೆ ಹೇಳುತ್ತಾನೆ. ದ್ರೋಣ ಬಿಲ್ಲು ಕೆಳಗಿಟ್ಟ. ಯುದ್ಧ ಗೆಲ್ಲಲು ಅದು ಬೇಕಾಗಿತ್ತು. ಆದರೂ ಅಲ್ಲಿಯ ತನಕ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಧರ್ಮರಾಯನ ರಥ ಆವತ್ತು ನೆಲಕ್ಕೆ ತಾಗಿತು. ಹೇಳಿಸಿದವನು ದೇವರೇ ಆದರೂ ರಥ ಇಳಿಯುವುದು ತಪ್ಪಲಿಲ್ಲ.

ಮೂವತ್ತು ವರ್ಷ ಇದನ್ನು ಮಕ್ಕಳಿಗೆ ಹೇಳಿದ್ದೇನೆ. ತಮ್ಮಾ, ನಿನ್ನ ಹೋಳಿಗೆ ಗಂಟಲಲ್ಲಿ ಇಳಿಯುತ್ತಿಲ್ಲ ಅಂದಾಗ ನನಗೆ ಆ ರಥದ ಚಕ್ರವೇ ನೆನಪಾಯಿತು. ಅದು ಇಳಿದಿದೆ ಅಂತ ನಿನಗೆ ಗೊತ್ತಾಗಿದೆ, ಉಳಿದ ಏಳು ಜನಕ್ಕೆ ಗೊತ್ತಾಗಿದೆಯೋ ಇಲ್ಲವೋ.

ಕರಿಕೋಟು

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ನನಗೆ ಒಂದು ಅನುಮಾನ. ಕೊನೆಭಾಗದವರೇ, ಗೇಟು ಎತ್ತಲು ಚಾವಿ ಬೇಕಲ್ವಾ? ಗೇಟಿನ ಚಾವಿ ಗ್ಯಾಂಗ್‌ಮನ್ ಹತ್ತಿರ ಇರುತ್ತದೆ. ನಿಮ್ಮ ಕೈಗೆ ಹೇಗೆ ಬಂತು? ಅದನ್ನು ಬರೆದಿಲ್ಲ.

ಕೊನೆಭಾಗದವ

ಎರಡು ದಿನ ಉತ್ತರ ಕೊಡಲಿಲ್ಲ, ಕ್ಷಮಿಸಿ. ಇದನ್ನು ಬರೆಯಬಾರದು ಅಂತಲೇ ಬಿಟ್ಟಿದ್ದೆ.

ಯುಗಾದಿ ಮಾರನೇ ದಿನ ಅವನನ್ನು ಮನೆಗೆ ಊಟಕ್ಕೆ ಕರೆದೆವು. ಕರೆದವನು ನಾನೇ. ಅವನಿಗೆ ನನ್ನ ಮೇಲೆ ವಿಶ್ವಾಸ ಇತ್ತು, ಮಗಳ ರೇಷನ್ ಕಾರ್ಡಿನ ಅರ್ಜಿ ನಾನು ತುಂಬಿಕೊಟ್ಟಿದ್ದೆ. ಅಂಗಳದಲ್ಲಿ ಕೂರಿಸಿ ಅವ್ವ ಹೋಳಿಗೆ ಬಡಿಸಿದಳು. ಅವ್ವನಿಗೆ ಏನೂ ಗೊತ್ತಿರಲಿಲ್ಲ. "ಇನ್ನೊಂದು ತಿನ್ನಪ್ಪ, ನಾಚಬ್ಯಾಡ" ಅಂತ ತುಪ್ಪ ಹಾಕುತ್ತಿದ್ದಳು. ಅದೇ ಹೊತ್ತಿಗೆ ನಮ್ಮವರಿಬ್ಬರು ಅವನ ಶೆಡ್ಡಿನಿಂದ ಚಾವಿ ತಂದರು. ನಾಲ್ಕಡಿ ಕಬ್ಬಿಣದ ರಾಡು, ತಲೆಗೆ ಅಡ್ಡ ಹಿಡಿ, ಹಿಡಿಗೆ ಅವನು ಹರಿದ ಟ್ಯೂಬು ಸುತ್ತಿದ್ದ, ಬಿಸಿಲಲ್ಲಿ ಕೈ ಸುಡಬಾರದು ಅಂತ. ಊಟ ಮುಗಿದ ಮೇಲೆ ಅವನನ್ನು ರಾತ್ರಿ ಹನ್ನೊಂದರ ತನಕ ಮಾತಿಗೆ ಹಿಡಿದು ಕೂರಿಸಿದ್ದೂ ನಾನೇ. ಎರಡನೇ ರಾತ್ರಿ ಅವನು ಚಾವಿ ಕಳೆದಿದೆ ಅಂತ ಕಾಲುವೆ ಏರಿ ಮೇಲೆ ಹುಡುಕುತ್ತಿದ್ದ, ಬ್ಯಾಟರಿ ಬೆಳಕು ನಮಗೆ ಕಾಣುತ್ತಿತ್ತು. ಕಳೆದದ್ದನ್ನು ಆಫೀಸಿಗೆ ಹೇಳಿದರೆ ಕೆಲಸ ಹೋಗುತ್ತದೆ ಅಂತ ಹೆದರಿ ಹೇಳಿರಲಿಲ್ಲ. ಜೀಪು ಬಂದಾಗ ಅವನ ಮೇಲೆ ಅನುಮಾನ ಬಂದದ್ದೇ ಅದಕ್ಕೆ, ದುಡ್ಡು ತಿಂದು ಚಾವಿ ಕೊಟ್ಟಿದ್ದಾನೆ ಅಂದರು. ಚಾವಿ ವಾಪಸ್ ಇಡಲು ನಮಗೆ ಆಗಲೇ ಇಲ್ಲ. ಇವತ್ತಿಗೂ ನಮ್ಮ ಮನೆಯಲ್ಲಿ ಜೋಳದ ಚೀಲಗಳ ಹಿಂದೆ ಇದೆ.

ಸೇತುವೆಯವನಾ, ಪಕ್ಕದ ಹಳಿಯವನಾ ಅಂತ ಕೇಳಿದ್ದಿರಲ್ಲ. ನಾವು ಊಟಕ್ಕೆ ಕರೆದು ಸೇತುವೆಯಿಂದ ತಳ್ಳಿದವನು ಅವನು.

ಕೆಳಗಿನೂರು (ರಾಯಚೂರು ತಾಲ್ಲೂಕು)

ಈ ಚರ್ಚೆ ನನಗೆ ಯಾರೋ ಕಳಿಸಿದರು. ನಿಮ್ಮ ಉಪಕಾಲುವೆ ಯಾವುದು ಅಂತ ನೀವು ಹೇಳದಿದ್ದರೂ ಅಂದಾಜಾಯಿತು. ಜೀಪು, ಚಾವಿ, ಗ್ಯಾಂಗ್‌ಮನ್, ಎಲ್ಲ ಆಗ ನಮ್ಮ ಕಡೆಯೂ ಸುದ್ದಿಯಾಗಿತ್ತು.

ಕೊನೆಭಾಗ ಅನ್ನುತ್ತೀರಿ. ಕೊನೆ ನಿಮ್ಮದಲ್ಲ ಅಣ್ಣಾ. ನಿಮ್ಮ ಕೆಳಗೆ ನಾವಿದ್ದೇವೆ. ಮೊಣಕಾಲುದ್ದ ನೀರಿರುವ ಕಾಲುವೆಯಲ್ಲಿ ನೀವು ಹದಿನಾಲ್ಕು ಇಂಚು ಎತ್ತಿದರೆ ಮುಂದಕ್ಕೆ ಏನು ಉಳಿಯುತ್ತದೆ? ಆ ಸಲ ನಮ್ಮ ಕೆರೆಗೆ ಹನಿ ಬರಲಿಲ್ಲ. ಕಾಲುವೆ ಒದ್ದೆಯಾಗಿ ಒಣಗಿತು ಅಷ್ಟೇ. ಮೇಲಿನವರು ಕದ್ದರು ಅಂತ ನಾವು ಬೈದದ್ದು ಗಂಗಾವತಿ, ಕಾರಟಗಿ, ಸಿಂಧನೂರಿನವರನ್ನು. ನೀವು ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ನಮ್ಮದು ಇನ್ನೂರೈವತ್ತು ಮನೆ. ನಾನೂರು ಮನೆ, ಒಂದು ಮನೆ ಅಂತ ಲೆಕ್ಕ ಬರೆದಿದ್ದೀರಲ್ಲ, ಅದರಲ್ಲಿ ನಮ್ಮ ಇನ್ನೂರೈವತ್ತು ಎಲ್ಲಿದೆ?

ಕೋಪದಿಂದ ಬರೆಯುತ್ತಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಎತ್ತುತ್ತಿದ್ದೆ ಅನಿಸುತ್ತದೆ. ಅದಕ್ಕೇ ಜಾಸ್ತಿ ಬೇಜಾರು.

ಭತ್ತದ ಗದ್ದೆ

ಇದಕ್ಕೆ ನಾನು ಏನು ಹೇಳಿದರೂ ತಪ್ಪಾಗುತ್ತದೆ, ಆದರೂ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನು ಕಡಿದು ಕೊಚ್ಚಿಹೋಯಿತಲ್ಲ, ಆಗ ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. 33 ಗೇಟಿನ ಅಣೆಕಟ್ಟು ಉಳಿಯಬೇಕಿತ್ತು. ನಮ್ಮ ಬೆಳೆಯ ನೀರು ಕಣ್ಣೆದುರೇ ಹೊಳೆಗೆ ಹೋಯಿತು, ಅಳು ಬಂತು. ಆದರೂ ನಾವು ಯಾರೂ ಅದನ್ನು ಮೋಸ ಅನ್ನಲಿಲ್ಲ. ಹೊಳೆಸಾಲಿನವರಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಯಾಕೆ ಬಿಡುತ್ತೇವೆ, ಎಷ್ಟು ಬಿಡುತ್ತೇವೆ ಅಂತ ದಿನಾ ಹೇಳುತ್ತಿದ್ದರು. ಅದು ಹಗಲಿನ ಗೇಟು. ನಾನೂ ನೀವೂ ಎತ್ತಿದ್ದು ರಾತ್ರಿಯ ಗೇಟು.

ಮರಿಯಮ್ಮನಹಳ್ಳಿಯ ಮೊಮ್ಮಗಳು

ಹಗಲಿನ ಗೇಟು ಅಂದಿರಿ, ಅದಕ್ಕೆ ಇದನ್ನೂ ಸೇರಿಸಿ. ನಮ್ಮಜ್ಜಿಯ ಊರು ನಾರಾಯಣದೇವರಕೆರೆ. ಈ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ತೊಂಬತ್ತರ ಹತ್ತಿರ ಊರುಗಳಲ್ಲಿ ಅದೂ ಒಂದು. ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಎಲ್ಲ ಹಗಲಲ್ಲೇ ಆಯಿತು. ನೋಟಿಸು ಕೊಟ್ಟರು, ಸಹಿ ಹಾಕಿಸಿದರು, ಪರಿಹಾರ ಅಂತ ಸ್ವಲ್ಪ ದುಡ್ಡೂ ಕೊಟ್ಟರು. ಹೊಸ ಮನೆಯ ಜಗಲಿಯಲ್ಲಿ ಕೂತು ಅಜ್ಜಿ ಸಾಯುವ ತನಕ "ನಮ್ಮೂರಾಗ" ಅಂತಲೇ ಮಾತು ಶುರು ಮಾಡುತ್ತಿದ್ದಳು. ಅದು ನೀರೊಳಗಿನ ಊರು ಅಂತ ನನಗೆ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು.

ಹಗಲಲ್ಲಿ ಮಾಡಿದರೆ ಎಲ್ಲ ಸರಿಯಾಗುತ್ತದೆ ಅಂತ ನನಗೆ ಅನಿಸುವುದಿಲ್ಲ. ನಿಮ್ಮ ಭತ್ತವೂ, ಕೊನೆಭಾಗದವರ ಕೆರೆಯೂ, ಕೆಳಗಿನೂರಿನ ಕೆರೆಯೂ ನಮ್ಮಜ್ಜಿಯ ಅಂಗಳದ ಮೇಲೆ ನಿಂತಿರುವ ನೀರೇ. ಕೊಡಬಾರದಿತ್ತು ಅಂತ ಹೇಳುತ್ತಿಲ್ಲ. ಅಷ್ಟು ವರ್ಷದಲ್ಲಿ ಒಬ್ಬರಾದರೂ ಬಂದು ಅಜ್ಜಿಯ ಹತ್ತಿರ ನಿಮ್ಮಿಂದ ನಮ್ಮ ಹೊಲ ಹಸಿರಾಯಿತು ಅಂದಿದ್ದರೆ ಚೆನ್ನಾಗಿತ್ತು.

ಅಮರೇಶ್ವರದ ಹತ್ತಿರ (ಲಿಂಗಸುಗೂರು)

ಬಸವಣ್ಣನವರು ಬಿಜ್ಜಳನ ಬೊಕ್ಕಸದ ದುಡ್ಡನ್ನು ದಾಸೋಹಕ್ಕೆ ಖರ್ಚು ಮಾಡಿದರು, ಒಳ್ಳೆ ಕೆಲಸಕ್ಕೆ ಅಲ್ವಾ ಅಂತ ಯಾರಾದರೂ ಎತ್ತುತ್ತೀರಿ ಅಂತ ಕಾಯುತ್ತಿದ್ದೆ. ಮೊದಲೇ ಹೇಳಿಬಿಡುತ್ತೇನೆ, ಆ ಕಥೆಯಲ್ಲಿ ಹಾಗಿಲ್ಲ. ದೂರು ಬಂದಾಗ ಬೊಕ್ಕಸ ಎಣಿಸಿದರು, ಒಂದು ಹಣವೂ ಕಡಿಮೆ ಇರಲಿಲ್ಲ ಅನ್ನುವುದೇ ಕಥೆ. ಒಳ್ಳೆಯದಕ್ಕೆ ಕದ್ದ ಅಂತ ಹೇಳಿ ಸಮರ್ಥಿಸುವುದು ಸುಲಭ ಇತ್ತು. ಕಥೆ ಹೇಳಿದವರಿಗೆ ಅದು ಸಾಲಲಿಲ್ಲ.

ಇನ್ನು ನಮ್ಮ ಕಡೆಯವರೇ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವ ಕಾಯಕ. ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ತಾನು ತಿನ್ನಲು ಅಲ್ಲ, ಬಡಿಸಲು. ಅಂದರೆ ಪೂರ್ತಿ ಪರೋಪಕಾರ. ಲಕ್ಕಮ್ಮ ಇಷ್ಟು ಅಕ್ಕಿ ಯಾಕೆ ಅಂತ ಕೇಳಿ, ತಂದಲ್ಲೇ ಸುರಿದು ಬಾ ಅಂದಳು. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಒಂದೇ, ಅವಳು ಗಂಡನನ್ನು ಕಳ್ಳ ಅನ್ನಲಿಲ್ಲ, ಬೈಯಲಿಲ್ಲ. ವಾಪಸ್ ನಡೆಸಿದಳು. ತಂದ ದಾರಿಯಲ್ಲೇ, ಅದೇ ಉಡಿಯಲ್ಲಿ.

ಚಾವಿ ನಿಮ್ಮ ಚೀಲದ ಹಿಂದೆ ಇದೆ ಅಂದಿರಿ.

ದೇವದುರ್ಗದ ಸಿದ್ದು

ಮೊದಲು ನಾನು ಬರೆದದ್ದನ್ನು ಅಳಿಸೋಣ ಅಂದುಕೊಂಡೆ, ಬೇಡ, ಇರಲಿ. ಊಟಕ್ಕೆ ಕರೆದ ವಿಷಯ ಗೊತ್ತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಆದರೆ ಈಗ ಎಂಟು ಜನ ಹೋಗಿ ಒಪ್ಪಿಕೊಂಡರೆ ಎಂಟು ಮನೆ ಮೇಲೆ ಕೇಸು. ಅದರಿಂದ ಯಾರಿಗೆ ಏನು ಬಂತು?

ಕೊನೆಭಾಗದವ

ನಿನ್ನೆ ಅವನಿಗೆ ಫೋನ್ ಮಾಡಿದೆ. ನಂಬರು ಸಿಗಲು ಮೂರು ದಿನ ಹಿಡಿಯಿತು. ಅವನ ಅತ್ತೆ ಮನೆಯವರಿಂದ ತೆಗೆದುಕೊಂಡೆ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ಸೆಂಟ್ರಿಂಗ್. ಹಿಂದೆ ಲಿಫ್ಟಿನ ಸದ್ದು, ಅರ್ಧ ಮಾತು ಕೇಳಿಸಲಿಲ್ಲ. ಎಲ್ಲ ಹೇಳಿದೆ. ಊಟ, ಚಾವಿ, ಎರಡು ರಾತ್ರಿ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನನಗ ಅವತ್ತೇ ಗೊತ್ತಿತ್ತಣ್ಣ" ಅಂದ. "ನೀವು ಹನ್ನೊಂದರ ತನಾ ಮಾತಾಡೋ ಮಂದಿ ಅಲ್ಲ."

ನಾನು ಕಚೇರಿಗೆ ಬಂದು ಬರೆದುಕೊಡುತ್ತೇನೆ, ನಿನಗೆ ವಾಪಸ್ ಕೆಲಸ ಕೊಡಿಸುತ್ತೇನೆ ಅಂದೆ. ಬೇಡ ಅಂದ. ಅವನ ಜಾಗಕ್ಕೆ ಈಗ ಬಂದಿರುವವನು ಅವನ ಹೆಂಡತಿಯ ತಮ್ಮನಂತೆ. ಇವನು ವಾಪಸ್ ಬಂದರೆ ಅವನು ಹೋಗಬೇಕು. "ಒಂದ್ ಮನಿ ಕೆಡಿಸಿದ್ದು ಸಾಕು, ಇನ್ನೊಂದು ಬ್ಯಾಡ" ಅಂದ. ನನ್ನ ಲೆಕ್ಕ ಅಲ್ಲೂ ತಪ್ಪಿತು. ಒಪ್ಪಿಕೊಂಡರೆ ಸರಿಯಾಗುತ್ತದೆ ಅಂತ ಎರಡು ರಾತ್ರಿ ಕೂತು ಮನಸ್ಸು ಗಟ್ಟಿ ಮಾಡಿಕೊಂಡು ಫೋನ್ ಮಾಡಿದ್ದೆ.

ಹಾಗಾದರೆ ಏನು ಮಾಡಲಿ ಅಂತ ಕೇಳಿದೆ. ಎರಡು ಹೇಳಿದ. ತೆಗೆದು ಹಾಕುವಾಗ ಐದು ತಿಂಗಳ ಸಂಬಳ ಬಾಕಿ ಇತ್ತಂತೆ, ಗುತ್ತಿಗೆದಾರ ಚಾವಿಯ ದುಡ್ಡು ಮುರಿದುಕೊಂಡೆ, ಉಳಿದದ್ದು ಆಮೇಲೆ ಅಂತ ಹೇಳಿ ಕೊಡಲೇ ಇಲ್ಲ. ಅದನ್ನು ಕೊಡಿಸಿ ಅಂದ. ಇನ್ನೊಂದು, ಅವನು ದುಡ್ಡು ತಿಂದಿಲ್ಲ ಅಂತ ಊರ ಕಟ್ಟೆ ಮೇಲೆ, ನಾಲ್ಕು ಜನ ಇದ್ದಾಗ ಹೇಳಬೇಕು. ಮಾವನ ಮನೆಯವರು ಇವತ್ತಿಗೂ ಆ ಮಾತು ಎತ್ತುತ್ತಾರಂತೆ.

ಏಳು ಜನರಲ್ಲಿ ಮೂವರು ಬರುತ್ತೇನೆ ಅಂದಿದ್ದಾರೆ. ಇಬ್ಬರು ಫೋನ್ ಎತ್ತುತ್ತಿಲ್ಲ. ಒಬ್ಬ ಊರಿಗೋಸ್ಕರ ಮಾಡಿದ್ದು, ಊರೇ ನೋಡಿಕೊಳ್ಳಲಿ ಅಂದ. ಇನ್ನೊಬ್ಬ ತೀರಿಕೊಂಡ.

ಬಾಕಿ ಸಂಬಳಕ್ಕೆ ಎಲ್ಲಿ ಹೋಗಬೇಕು? ವಕೀಲ ಅಕ್ಕ, ನೀವೇ ಹೇಳಬೇಕು.

ಕರಿಕೋಟು

ಮೊದಲು ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕರೇ ಕೊಡಬೇಕು ಅಂತ ಕಾನೂನಿದೆ, ಹಾಗಾಗಿ ಅರ್ಜಿಯಲ್ಲಿ ಇಬ್ಬರನ್ನೂ ಸೇರಿಸಿ. ಅವನ ಬ್ಯಾಂಕ್ ಪಾಸ್‌ಬುಕ್ ಬೇಕು, ಹಿಂದಿನ ತಿಂಗಳುಗಳ ಸಂಬಳ ಜಮಾ ಆಗಿರುವ ಪುಟ. ಹಾಜರಿ ಪುಸ್ತಕದ ಫೋಟೊ ಯಾರ ಮೊಬೈಲಿನಲ್ಲಾದರೂ ಇದ್ದರೆ ಇನ್ನೂ ಒಳ್ಳೆಯದು. ವಕೀಲರ ಫೀಸಿನ ಚಿಂತೆ ಬೇಡ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಬಡವರಿಗೆ ಉಚಿತವಾಗಿ ಕೊಡುತ್ತಾರೆ. ಎರಡು ವರ್ಷವಾಗಿದೆ, ಇನ್ನು ತಡ ಮಾಡಬೇಡಿ. ಚಾವಿಯ ದುಡ್ಡು ಮುರಿದುಕೊಂಡಿದ್ದಾರಲ್ಲ, ನಿಮ್ಮ ಹೇಳಿಕೆ ಇಲ್ಲದೆ ಅದು ವಾಪಸ್ ಬರುವುದಿಲ್ಲ. ಬರೆದುಕೊಟ್ಟರೆ ನಿಮ್ಮ ಮೇಲೆ ಏನು ಬರಬಹುದು ಅನ್ನುವುದನ್ನು ಇಲ್ಲಿ ಬೇಡ, ಎದುರಿಗೆ ಕೂತು ಮಾತಾಡೋಣ.

ಕೆಳಗಿನೂರು

ಸೋಮವಾರ ರಾಯಚೂರಿಗೆ ಬರುವುದಾದರೆ ಹೇಳಿ. ನನಗೂ ಆ ಕಡೆ ಕೆಲಸ ಇದೆ, ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತೇನೆ.

ಕೊನೆಭಾಗದವ

ಬರುತ್ತೇನೆ. ಬೆಳಗ್ಗೆ ಎಂಟರ ಬಸ್ಸು. ಕೈಯಲ್ಲಿ ಗೋಣಿಚೀಲ ಸುತ್ತಿದ ಉದ್ದನೆಯ ರಾಡು ಇರುತ್ತದೆ, ಗುರುತು ಸಿಗುತ್ತದೆ.